ರಾಗಿ ಬಿಯರ್ ಮಾಡಲು ಹೋಗಿ ಅಂಬಲಿ ಆಯಿತು, ಅದರ ಮೇಲೆ ಬ್ಯಾಂಡೇಜ್ ವಾಸನೆ. ಎಲ್ಲಿ ತಪ್ಪಿದೆ?

ಮಂಡ್ಯದವ_ಮೀರಾಮೆಸಾ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ, ಊರು ಮದ್ದೂರಿನ ಹತ್ತಿರ. ಮನೆಯಲ್ಲಿ ಬಿಯರ್ ಮಾಡುವ ಹುಚ್ಚು ಹತ್ತಿ ಒಂದೂವರೆ ವರ್ಷ ಆಯಿತು. ಈ ಊರಲ್ಲಿ ಇದ್ದುಕೊಂಡು ಹತ್ತದೆ ಇರುವುದೇ ಕಷ್ಟ. ಕಾರಿನಲ್ಲಿ ಹತ್ತು ನಿಮಿಷ ಹೋದರೆ ಮಿರಾಮಾರ್. ಗೋಡೌನು, ಗ್ಯಾರೇಜುಗಳ ಮಧ್ಯೆ ಸಾಲಾಗಿ ಬ್ರೂವರಿಗಳು. ತಮಾಷೆಗೆ ಬಿಯರಮಾರ್ ಅಂತಲೇ ಕರೆಯುತ್ತಾರೆ. ವೈಟ್ ಲ್ಯಾಬ್ಸ್ ಈಸ್ಟ್ ಕಂಪನಿಯೂ ಅಲ್ಲೇ ಇದೆ. ನಮ್ಮೂರಲ್ಲಿ ಡೇರಿಗೆ ಹಾಲು ತರಲು ಹೋದ ಹಾಗೆ ನಾನು ಈಸ್ಟ್ ತರಲು ಹೋಗುತ್ತೇನೆ.

ಇಲ್ಲಿನ ಒಂದು ಹೋಮ್‌ಬ್ರೂ ಕ್ಲಬ್ಬಿಗೆ ಸೇರಿದ್ದೇನೆ. ತಿಂಗಳಿಗೊಂದು ಮೀಟಿಂಗ್. ನೇವಿಯಿಂದ ರಿಟೈರ್ ಆದವರು, ಕೆಮಿಸ್ಟ್ರಿ ಮೇಷ್ಟ್ರು, ಒಬ್ಬರು ದಂತವೈದ್ಯೆ, ನನ್ನ ಹಾಗೆ ಕೋಡ್ ಬರೆಯುವವರು ನಾಲ್ಕೈದು ಜನ. ಎಲ್ಲರ ಕಂಕುಳಲ್ಲೂ ಒಂದೊಂದು ಬಾಟಲಿ. ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ಎರಡೆರಡು ಗುಟುಕು ಕುಡಿದು, ಮುಲಾಜಿಲ್ಲದೆ ನೇರವಾಗಿ ಹೇಳುತ್ತಾರೆ. ಜುಲೈ ಮೀಟಿಂಗಿನಲ್ಲಿ ಯಾರೋ "ನಿಮ್ಮ ಕಡೆ ಯಾವ ಧಾನ್ಯ ತಿನ್ನುತ್ತೀರಿ?" ಅಂತ ಕೇಳಿದರು. ರಾಗಿ ಅಂದೆ. ಮಂಡ್ಯದವನ ಬಾಯಿ ಅಷ್ಟಕ್ಕೇ ನಿಲ್ಲಬೇಕಲ್ಲ. "ಮುಂದಿನ ಸಲ ರಾಗಿ ಬಿಯರ್ ತರುತ್ತೇನೆ" ಅಂತ ಮೂವತ್ತು ಜನರ ಮುಂದೆ ಹೇಳಿಬಿಟ್ಟೆ.

ಮಾಡಿದ್ದು ಹೀಗೆ. ಇಂಡಿಯನ್ ಅಂಗಡಿಯಿಂದ ರಾಗಿ ತಂದೆ. ಒಂದು ರಾತ್ರಿ ನೆನೆಸಿ, ಎರಡು ದಿನ ಬಟ್ಟೆಯಲ್ಲಿ ಕಟ್ಟಿಟ್ಟೆ. ಮೊಳಕೆ ಚೆನ್ನಾಗಿಯೇ ಬಂತು. ಹಿತ್ತಲಲ್ಲಿ ಬಿಸಿಲಿಗೆ ಒಣಗಿಸಿ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದೆ. 19 ಲೀಟರ್ ಬಿಯರಿಗೆ 2 ಕೆಜಿ ರಾಗಿ, 2.5 ಕೆಜಿ ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಬಿಸಿ ಆರದ ಹಾಗೆ ಇಡುವ, ನಲ್ಲಿ ಇರುವ ಕೂಲರ್ ಡಬ್ಬದಲ್ಲಿ 67 ಡಿಗ್ರಿ ನೀರಲ್ಲಿ ಒಂದು ಗಂಟೆ ಮ್ಯಾಶ್, ಅಂದರೆ ಪಿಷ್ಟ ಸಕ್ಕರೆ ಆಗಲು ನೆನೆಸಿಡುವುದು. ಆಮೇಲೆ ನಲ್ಲಿ ತಿರುಗಿಸಿದರೆ ಒಂದು ಹನಿ ಬರಲಿಲ್ಲ! ಒಳಗೆ ಅಂಬಲಿ. ಹೆಂಡತಿಯ ಪನೀರ್ ಬಟ್ಟೆಯಲ್ಲಿ ಹಿಂಡಿ ಹಿಂಡಿ ರಾತ್ರಿ ಹನ್ನೊಂದಾಯಿತು. ಆ ಬಟ್ಟೆಯ ಕಥೆ ಬೇಡ.

ಆ ರಸಕ್ಕೆ ಈಸ್ಟ್ ಹಾಕಿದ ಬಕೆಟ್ಟನ್ನು, ಅಂದರೆ ಫರ್ಮೆಂಟರನ್ನು, ಗ್ಯಾರೇಜಿನಲ್ಲಿಟ್ಟೆ. ಅದೇ ವಾರ ಮರುಭೂಮಿ ಕಡೆಯ ಸ್ಯಾಂಟಾ ಆನಾ ಬಿಸಿಗಾಳಿ ಬೀಸಿತು. ಗ್ಯಾರೇಜು 33 ಡಿಗ್ರಿ ಮುಟ್ಟಿತ್ತು.

ಸೆಪ್ಟೆಂಬರ್ ಕೊನೆಗೆ ತೆಗೆದುಕೊಂಡು ಹೋದೆ. ಕೆಮಿಸ್ಟ್ರಿ ಮೇಷ್ಟ್ರು ಸ್ಪರ್ಧೆಗಳಲ್ಲಿ ಜಡ್ಜ್ ಆಗುವವರು. ಅದೇ ಹಾಳೆಯಲ್ಲಿ ಅಂಕ ಹಾಕಿಕೊಟ್ಟರು. 50ಕ್ಕೆ 19. "ಬ್ಯಾಂಡ್-ಏಡ್ ವಾಸನೆ, ತೆಳು, ಗಂಟಲು ಸುಡುತ್ತದೆ, ರಾಗಿ ಎಲ್ಲಿ?" ಅಂತ ಬರೆದಿದ್ದರು. ಪರೀಕ್ಷೆಯಲ್ಲೂ ಇಷ್ಟು ಕಡಿಮೆ ತೆಗೆದವನಲ್ಲ ನಾನು.

ಡಿಸೆಂಬರ್ ಮೀಟಿಂಗಿಗೆ ಇನ್ನೊಂದು ಸಲ ಮಾಡಬೇಕು. ಏನು ಬದಲಾಯಿಸಲಿ?

ಇನ್ನೊಂದು ವಿಷಯ. ನವೆಂಬರಿನಲ್ಲಿ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಟೀ ಕೂಡ ಮುಟ್ಟುವುದಿಲ್ಲ. ಗ್ಯಾರೇಜಿನಲ್ಲಿ ಗುಳುಗುಳು ಅನ್ನುವ ಬಕೆಟ್ ನೋಡಿದರೆ "ಕಳ್ಳಭಟ್ಟಿ ಕಾಯಿಸ್ತಿದೀಯಾ?" ಅಂತ ಕೇಳುವುದು ಗ್ಯಾರಂಟಿ. ಇಂಥದ್ದನ್ನು ನಿಭಾಯಿಸಿದವರು ಯಾರಾದರೂ ಇದ್ದೀರಾ?

ಹುದುಗು_ಪೋರ್ಟ್‌ಲ್ಯಾಂಡ್:

ಮಂಡ್ಯದವರೇ, 19 ಬಂದಿದೆಯಲ್ಲ, ಸಮಾಧಾನ ಮಾಡಿಕೊಳ್ಳಿ. ನನ್ನ ಮೊದಲ ಸ್ಟೌಟ್ ಅನ್ನುವ ಕಪ್ಪು ಬಿಯರಿಗೆ 16. ಒಂಬತ್ತು ವರ್ಷದ ಹಿಂದಿನ ಆ ಹಾಳೆ ಇನ್ನೂ ಫ್ರಿಜ್ ಬಾಗಿಲ ಮೇಲಿದೆ.

ನಿಮ್ಮದು ಒಂದು ತಪ್ಪಲ್ಲ, ಮೂರು. ಒಂದಕ್ಕೊಂದು ಸಂಬಂಧ ಇಲ್ಲ. ಅದಕ್ಕೇ ಗೊಂದಲ ಆಗಿರುವುದು.

ಬ್ಯಾಂಡೇಜ್ ವಾಸನೆಗೂ ರಾಗಿಗೂ ಏನೂ ಇಲ್ಲ. ಅದು ನಲ್ಲಿ ನೀರು. ಸ್ಯಾನ್ ಡಿಯೇಗೋದವರು ಕ್ರಿಮಿ ಸಾಯಲು ನೀರಿಗೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯ ಸೇರಿದ್ದು) ಹಾಕುತ್ತಾರೆ. ಬರೀ ಕ್ಲೋರಿನ್ ಆಗಿದ್ದರೆ ಕುದಿಸಿದರೆ ಹೋಗುತ್ತಿತ್ತು. ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಮಾಲ್ಟ್ ಮತ್ತು ಈಸ್ಟ್‌ನಿಂದ ಬರುವ ಫೀನಾಲು ಅನ್ನುವ ರಾಸಾಯನಿಕಗಳ ಜೊತೆ ಸೇರಿ ಆಸ್ಪತ್ರೆ ವಾಸನೆ ಕೊಡುತ್ತದೆ. ಹೋಮ್‌ಬ್ರೂ ಅಂಗಡಿಯಲ್ಲಿ ಕ್ಲೋರಮೈನ್ ತೆಗೆಯುವ ಕ್ಯಾಂಪ್ಡೆನ್ ಮಾತ್ರೆ ಸಿಗುತ್ತದೆ. ಒಂದು ಮಾತ್ರೆ 75 ಲೀಟರಿಗೆ ಸಾಕು, ನಿಮಗೆ ಅರ್ಧ ಮಾತ್ರೆ ಜಾಸ್ತಿಯೇ ಆಯಿತು. ಪುಡಿ ಮಾಡಿ ನೀರಿಗೆ ಹಾಕಿ ಕಲಕಿ, ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಒಂದೂವರೆ ವರ್ಷದಿಂದ ಇದಿಲ್ಲದೆ ಮಾಡುತ್ತಿದ್ದೀರಿ ಅಂದರೆ ನಿಮ್ಮ ಹಳೆಯ ಬಿಯರುಗಳಲ್ಲೂ ಸ್ವಲ್ಪ ಇದ್ದಿರಬೇಕು. ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಜಾಸ್ತಿ ಹಾಕಿದಾಗ ಮುಚ್ಚಿಹೋಗಿರುತ್ತದೆ.

ಗಂಟಲು ಸುಡುವುದು ಸೆಖೆಯಿಂದ. ಗ್ಯಾರೇಜು 33 ಅಂದರೆ ಬಕೆಟ್ಟಿನ ಒಳಗೆ ಇನ್ನೂ ಜಾಸ್ತಿ, ಈಸ್ಟ್ ಕೆಲಸ ಮಾಡುವಾಗ ತಾನೂ ಬಿಸಿ ಹುಟ್ಟಿಸುತ್ತದೆ. ವೈಟ್ ಲ್ಯಾಬ್ಸಿನ ಕ್ಯಾಲಿಫೋರ್ನಿಯಾ ಏಲ್ ಈಸ್ಟ್ ಆದರೆ 20ರಿಂದ 23 ಡಿಗ್ರಿ ಅದಕ್ಕೆ ಹಿತ. ಮೊದಲ ಮೂರು ನಾಲ್ಕು ದಿನ ಮುಖ್ಯ, ಆಮೇಲೆ ಸ್ವಲ್ಪ ಏರಿದರೂ ಪರವಾಗಿಲ್ಲ. ಫ್ರಿಜ್ ಇಲ್ಲದಿದ್ದರೆ ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿ ಫರ್ಮೆಂಟರ್ ಇಡಿ. ಅದಕ್ಕೆ ಒದ್ದೆ ಟೀ ಶರ್ಟ್ ಸುತ್ತಿ ಫ್ಯಾನ್ ಹಾಕಿ. ಬೆಳಿಗ್ಗೆ ಸಂಜೆ ಒಂದೊಂದು ಐಸ್ ಬಾಟಲಿ ತೇಲಿಬಿಡಿ. ನಾನು ನಾಲ್ಕು ಬೇಸಿಗೆ ಹೀಗೇ ಕಳೆದೆ.

ಮೂರನೆಯದು ಅಂಬಲಿ. ಬಾರ್ಲಿಗೆ ಗಟ್ಟಿ ಸಿಪ್ಪೆ ಇದೆ. ನೀವು ನಲ್ಲಿ ತಿರುಗಿಸಿದಾಗ ಆ ಸಿಪ್ಪೆಯೇ ಜರಡಿ ಆಗಿ ನಿಲ್ಲುತ್ತದೆ. ರಾಗಿಗೆ ಅದಿಲ್ಲ. ಅದರ ಮೇಲೆ ನುಣ್ಣಗೆ ಪುಡಿ ಮಾಡಿದ್ದೀರಿ. 67 ಡಿಗ್ರಿಯಲ್ಲಿ ಇನ್ನು ಮುದ್ದೆ ತಿರುವುವುದಷ್ಟೇ ಬಾಕಿ. ಅದೂ ಅಲ್ಲದೆ ರಾಗಿಯ ಪಿಷ್ಟ ಬಾರ್ಲಿಯದಕ್ಕಿಂತ ಜಾಸ್ತಿ ಬಿಸಿ ಕೇಳುತ್ತದೆ. ಅರ್ಧಂಬರ್ಧ ಬೆಂದರೆ ಸಕ್ಕರೆ ಆಗುವುದಿಲ್ಲ, ಬಿಯರ್ ತೆಳು. ಮೇಷ್ಟ್ರು ಸರಿಯಾಗಿಯೇ ಹಿಡಿದಿದ್ದಾರೆ.

ಈ ಸಲ ರಾಗಿ 900 ಗ್ರಾಂ, ಬಾರ್ಲಿ 3.6 ಕೆಜಿ, ಭತ್ತದ ಹೊಟ್ಟು 200 ಗ್ರಾಂ. ಹೊಟ್ಟು ಅಂಗಡಿಯಲ್ಲೇ ಸಿಗುತ್ತದೆ, ರುಚಿ ಇಲ್ಲ, ಬರೀ ಜರಡಿಗೆ. ರಾಗಿಯನ್ನು ತರಿತರಿಯಾಗಿ ಒಡೆದು ಬೇರೆ ಪಾತ್ರೆಯಲ್ಲಿ ಅರ್ಧ ಗಂಟೆ ಗಂಜಿ ಹಾಗೆ ಬೇಯಿಸಿ, ಆರಿಸಿ, ಬಾರ್ಲಿ ಮ್ಯಾಶಿಗೆ ಸೇರಿಸಿ. ಸೇರಿಸಿದ ಮೇಲೆ ಒಟ್ಟು 66, 67ರಲ್ಲಿ ನಿಲ್ಲಬೇಕು. ಕುದಿಸಿದ ಮೇಲೆ ಪಿಷ್ಟವನ್ನು ಸಕ್ಕರೆ ಮಾಡುವ ಮೊಳಕೆಯ ಎನ್‌ಜೈಮ್ ಸತ್ತಿರುತ್ತದೆ. ಚಿಂತೆ ಇಲ್ಲ, ಬಾರ್ಲಿಯಲ್ಲಿ ಇಬ್ಬರಿಗಾಗುವಷ್ಟು ಇದೆ. ತಳ ಹತ್ತದ ಹಾಗೆ ಕೈಯಾಡಿಸುತ್ತಿರಬೇಕು, ಬೇಜಾರಿನ ಕೆಲಸ.

ಹಾಪ್ಸ್ ಕಡಿಮೆ ಇರಲಿ. ನಿಮ್ಮೂರಿನವರಿಗೆ ಎಲ್ಲದಕ್ಕೂ ಐಪಿಎ (ಹಾಪ್ಸ್ ಜಾಸ್ತಿ ಇರುವ ಕಹಿ ಬಿಯರ್) ಮಾಡುವ ಚಟ, ರಾಗಿ ಅದರಡಿ ಮುಳುಗಿಹೋಗುತ್ತದೆ.

ಅಪ್ಪನ ವಿಷಯ: ಹೇಳಿಬಿಡಿ. ಬಚ್ಚಿಟ್ಟು ಸಿಕ್ಕಿಬಿದ್ದರೆ ಜಾಸ್ತಿ ಕಷ್ಟ. ನಮ್ಮತ್ತೆಗೆ ನಾನು ಮೊದಲ ದಿನವೇ ತೋರಿಸಿದೆ. ವಾರ ಮಾತಿಲ್ಲ. ಎರಡನೇ ವಾರ "ದೋಸೆ ಹಿಟ್ಟು ಉಬ್ಬುತ್ತಿಲ್ಲ, ನಿನ್ನ ಬಕೆಟ್ ಪಕ್ಕ ಇಡಲಾ?" ಅಂತ ಕೇಳಿದರು.

ಹಲಸೂರು_ಹೊಳೆ:

ಸರ್, ಓದಿ ಹೊಟ್ಟೆ ಉರಿಯಿತು. ನಾವು ಬೆಂಗಳೂರಿನಲ್ಲಿ ಏಳೆಂಟು ಜನ ಇದ್ದೇವೆ, ಎಲ್ಲರಿಗೂ ಇದೇ ಹುಚ್ಚು. ಆದರೆ ಇಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಬಿಯರೂ ಅದರಲ್ಲೇ ಬರುತ್ತದೆ. ಇದನ್ನು ಓದಿ ಊರಲ್ಲಿ ಯಾರೂ ಬಕೆಟ್ ಹುಡುಕಬೇಡಿ ಅಂತ ಹೇಳಲಷ್ಟೇ ಬರೆಯುತ್ತಿದ್ದೇನೆ.

ನಾವು ನಾಲಿಗೆ ಮಾತ್ರ ಪಳಗಿಸುತ್ತೇವೆ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಅನ್ನುವ ಬ್ರೂಪಬ್ ಬಂದ ಮೇಲೆ, 2012ರಲ್ಲಿ ಮಿಶಿಗನ್ನಿನ ಆರ್ಬರ್ ಬ್ರೂಯಿಂಗ್ ಇಲ್ಲೊಂದು ಬಾಗಿಲು ತೆರೆದ ಮೇಲೆ ಕುಡಿದು ಕಲಿಯುವುದಕ್ಕೆ ಬರ ಇಲ್ಲ. ಹೋದ ತಿಂಗಳು ಹಸಿರು ಬಾಟಲಿಯ ಲಾಗರ್ ಬಿಯರ್ ಒಂದನ್ನು ಟೆರೇಸಿನಲ್ಲಿ ಬಿಸಿಲಿಗಿಟ್ಟು, ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟು ಪಕ್ಕಪಕ್ಕ ಮೂಸಿದೆವು. ಬೆಳಕು ಬಿದ್ದರೆ ಹಾಪ್ಸ್ ಹೇಗೆ ನಾರುತ್ತದೆ ಅಂತ ಒಂದೇ ಗಂಟೆಯಲ್ಲಿ ಗೊತ್ತಾಯಿತು. ಟೆರೇಸಿಗೆ ಬಟ್ಟೆ ಒಣಗಿಸಲು ಬಂದ ಓನರ್ ಆಂಟಿಗೆ ನಾವು ಬಾಟಲಿ ಮೂಸುತ್ತಾ ನಿಂತಿರುವುದು ಕಂಡಿದೆ. ಬಾಡಿಗೆ ಕರಾರು ಜನವರಿಗೆ ಮುಗಿಯುತ್ತದೆ, ನೋಡಬೇಕು.

ಕುಡ್ಲದ_ಬಾವ:

ಮಾರಾಯ್ರೇ, ಅಪ್ಪನಿಗೆ ಕಾನೂನು ತೋರಿಸಿ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಜಾಸ್ತಿಯೋ ಇದ್ದರೆ 200. ಅಂದರೆ 750 ಲೀಟರಿಗೂ ಜಾಸ್ತಿ. ಮಾರುವ ಹಾಗಿಲ್ಲ ಅಷ್ಟೆ. ಭಟ್ಟಿ ಇಳಿಸುವುದು ಮಾತ್ರ ಅಲ್ಲೂ ಮನೆಯಲ್ಲಿ ನಿಷಿದ್ಧ. ಹಾಗಾಗಿ "ಅಪ್ಪಾ, ಭಟ್ಟಿ ಅಲ್ಲ, ಹುಳಿ ಬರಿಸುವುದು ಮಾತ್ರ" ಅಂತ ಹೇಳಿದರೆ ಸುಳ್ಳೂ ಆಗುವುದಿಲ್ಲ.

ಸಹಿ ಹಾಕಿದವರು ಕಡಲೆಕಾಯಿ ಬೆಳೆದ ರೈತ ಅಂತಲೂ ಹೇಳಿ. ನಿಮ್ಮ ತಂದೆಗೆ ಕೃಷಿ ಇದ್ದರೆ ಅದೇ ವರ್ಕ್ ಆಗ್ತದೆ.

ಮಂಡ್ಯದವ_ಮೀರಾಮೆಸಾ:

ಹುದುಗು ಮೇಡಂ, ಕೈ ಮುಗಿದೆ. ಒಂದೂವರೆ ವರ್ಷ ನಲ್ಲಿ ನೀರು ಅಂತ ಯೋಚನೆಯೇ ಬಂದಿರಲಿಲ್ಲ. ನಮ್ಮ ನೀರು ಬಹುಪಾಲು ಕೊಲರಾಡೋ ನದಿಯಿಂದ ಬರುವುದು, ಗಡಸು ಅಂತ ಮಾತ್ರ ಗೊತ್ತಿತ್ತು.

ಐಪಿಎ ಚಟದ ಮಾತು ಒಪ್ಪಿದೆ. ಆದರೆ ಬಿಟ್ಟುಕೊಡಲ್ಲ. ಇಲ್ಲಿನ ಬ್ಯಾಲಸ್ಟ್ ಪಾಯಿಂಟ್ ಬ್ರೂವರಿ ಹುಟ್ಟಿದ್ದೇ ಲಿಂಡಾ ವಿಸ್ಟಾದಲ್ಲಿ 1992ರಲ್ಲಿ ಶುರುವಾದ ಹೋಮ್ ಬ್ರೂ ಮಾರ್ಟ್ ಅನ್ನುವ, ಬಿಯರ್ ಮಾಡುವ ಸಾಮಾನಿನ ಅಂಗಡಿಯಿಂದ. ಅಂಗಡಿ ಹಿಂದೆ 1996ರಲ್ಲಿ ಬ್ರೂವರಿ ಮಾಡಿದರು, 2015ರಲ್ಲಿ ಸುಮಾರು 100 ಕೋಟಿ ಡಾಲರಿಗೆ ಮಾರಿದರು. ನಮ್ಮ ಕ್ಲಬ್ಬಿನಲ್ಲಿ ಯಾರ ಬಿಯರ್ ಚೆನ್ನಾಗಿ ಬಂದರೂ "ನೂರು ಕೋಟಿ, ನೂರು ಕೋಟಿ" ಅಂತ ಕೂಗುತ್ತಾರೆ. ನನಗೆ ಇನ್ನೂ ಯಾರೂ ಕೂಗಿಲ್ಲ.

ಒಂದೇ ತಲೆನೋವು. ಬಾತ್‌ಟಬ್ ಇರುವುದು ಗೆಸ್ಟ್ ರೂಮಿನಲ್ಲಿ ಮಾತ್ರ. ಅಂದರೆ ಅಪ್ಪ ಬೆಳಿಗ್ಗೆ ಐದಕ್ಕೆ ಸ್ನಾನಕ್ಕೆ ಹೋಗುವ ಜಾಗದಲ್ಲಿ.

ಅಕ್ಕಿಹೆಬ್ಬಾಳು_ಅಕ್ಕ:

ನಾನು ಬಿಯರ್ ಕುಡಿಯುವವಳಲ್ಲ. ರಾಗಿ ಅಂತ ಕಂಡಿತು, ಅದಕ್ಕೇ ಒಳಗೆ ಬಂದೆ. ಮೈಸೂರಿನಲ್ಲಿ ಫುಡ್ ಟೆಕ್ನಾಲಜಿ ಓದಿದ್ದೇನೆ.

ಗಂಜಿ ಕಾಯಿಸುವ ಕಷ್ಟ ಯಾಕೆ ತಮ್ಮಾ? ಅರಳು ಹುರಿದ ರಾಗಿ ಹಾಕು. ಹುರಿಹಿಟ್ಟಿಗೆ ಮಾಡುತ್ತೇವಲ್ಲ, ಅದೇ. ಕಾಳಿನೊಳಗಿನ ತೇವ ಆವಿಯಾಗಿ ಒಡೆದು ಅರಳುವಾಗ ಪಿಷ್ಟ ಆಗಲೇ ಬೆಂದಿರುತ್ತದೆ. ಅದಕ್ಕೇ ಹುರಿಹಿಟ್ಟಿಗೆ ಬಿಸಿ ನೀರು ಬೇಡ, ತಣ್ಣಗಿನ ಹಾಲು ಬೆಲ್ಲದಲ್ಲೇ ಕಲಸಿ ತಿನ್ನುವುದು. ಪುಡಿ ಮಾತ್ರ ಮಾಡಬೇಡ, ಅರಳು ಇಡಿಯಾಗಿ ಹಾಕು. ಹುರಿದ ಘಮವೂ ಬರುತ್ತದೆ. "ರಾಗಿ ಎಲ್ಲಿ?" ಅಂತ ಕೇಳಿದವರಿಗೆ ಉತ್ತರ ಸಿಗುತ್ತದೆ.

ಹುದುಗು_ಪೋರ್ಟ್‌ಲ್ಯಾಂಡ್:

ಅಯ್ಯೋ ಅಕ್ಕಾ! ಇಂಗ್ಲಿಷ್ ಬಿಟರ್ ಅನ್ನುವ ಬಿಯರಿಗೆ ನಾನು ಅಂಗಡಿಯಿಂದ ಟಾರಿಫೈಡ್ ಗೋಧಿ ಅಂತ ದುಡ್ಡು ಕೊಟ್ಟು ತರುತ್ತೇನೆ. ಅದೂ ಹುರಿದು ಅರಳಿಸಿದ ಗೋಧಿಯೇ. ಚಿಕ್ಕಂದಿನಲ್ಲಿ ಡಬ್ಬಗಟ್ಟಲೆ ಹುರಿಹಿಟ್ಟು ತಿಂದವಳಿಗೆ ಇದು ಹೊಳೆಯಲಿಲ್ಲವಲ್ಲ.

ಮಂಡ್ಯದವರೇ, ಗಂಜಿ ಮಾತು ವಾಪಸ್. ಅರಳನ್ನು ನೇರವಾಗಿ ಮ್ಯಾಶಿಗೆ ಹಾಕಿ. ಹೊಟ್ಟು ಮಾತ್ರ ಬಿಡಬೇಡಿ. ನಾನೂ ಈ ಶನಿವಾರ 4 ಲೀಟರ್ ಮಾಡಿ ನೋಡುತ್ತೇನೆ.

ಮಂಡ್ಯದವ_ಮೀರಾಮೆಸಾ:

ಅಪ್‌ಡೇಟ್. ನಿನ್ನೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ "ರಾಗಿ ಅರಳು ಹುರಿಯುವುದು ಹೇಗೆ?" ಅಂತ ಕೇಳಿದೆ. ಖುಷಿಯೋ ಖುಷಿ. ಮಗ ಹುರಿಹಿಟ್ಟು ಕೇಳಿದನಲ್ಲ! "ನಾನೇ ಪುಡಿ ಮಾಡಿ ತರ್ತೀನಿ ಬಿಡು" ಅಂದರು. ಪುಡಿ ಬೇಡ, ಅರಳು ಸಾಕು ಅಂದೆ. "ಅರಳು ಇಟ್ಕೊಂಡು ಏನ್ ಮಾಡ್ತೀಯ?" ಅಂದರು. ನಾನು ನೆಟ್‌ವರ್ಕ್ ಹೋಯಿತು ಅಂದೆ.

ಮತ್ತೆ ಫೋನ್ ಮಾಡಿ ಎಲ್ಲ ಹೇಳಿಕೊಟ್ಟರು. ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟೆ. ಬೆಳಿಗ್ಗೆ ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಿಸಿ ಒಂದೊಂದೇ ಹಿಡಿ ಹಾಕಿದೆ. ಮೊದಲ ಹಿಡಿ ಸೀದು ಸ್ಮೋಕ್ ಅಲಾರಂ ಹೊಡೆಯಿತು. ಎರಡನೇ ಹಿಡಿಯಿಂದ ಚಟಚಟ ಅಂತ ಬಿಳಿಯಾಗಿ ಅರಳಿತು. 900 ಗ್ರಾಂ ಆಗಲು ಮೂರು ಗಂಟೆ, ತೋಳು ಬಿದ್ದುಹೋಯಿತು. ಅಷ್ಟೂ ಹೊತ್ತು ಅಮ್ಮ ಫೋನಿನಲ್ಲೇ ಇದ್ದರು. ಹಿಂದಿನಿಂದ ಅಪ್ಪ "ಅಷ್ಟೊಂದು ಯಾಕಂತೆ?" ಅಂತ ಕೇಳುತ್ತಿದ್ದರು.

ಭಾನುವಾರ ಮ್ಯಾಶ್. ಹೊಟ್ಟು, ಕ್ಯಾಂಪ್ಡೆನ್ ಎರಡೂ ತಂದಾಯಿತು. ಟಬ್ಬಿನಲ್ಲಿ ಈಗಲೇ ನೀರು ತುಂಬಿಸಿದ್ದೇನೆ, ಅವರು ಬರುವ ಹೊತ್ತಿಗೆ ಖಾಲಿ ಆಗಿರುತ್ತದೆ. ಬಾಟಲಿಗಳನ್ನು ಎಲ್ಲಿಡುವುದು ಅಂತ ಇನ್ನೂ ಗೊತ್ತಿಲ್ಲ. ನಲವತ್ತೆಂಟು ಬಾಟಲಿ.