ಟಿಲ್ಟ್-ಶಿಫ್ಟ್ 24 ಎಂಎಂ: ಪೂರ್ತಿ ಟಿಲ್ಟ್ ಕೊಟ್ಟರೂ ಹೂವಿನ ಹೊಲ ಶಾರ್ಪ್ ಬರುತ್ತಿಲ್ಲ

ಬೆಟ್ಟದಬುಡ:
ನಮಸ್ಕಾರ. ಗುಂಡ್ಲುಪೇಟೆ ಹತ್ತಿರ ಚೆಂಡು ಹೂವಿನ ಹೊಲ, ಹಿಂದೆ ಗೋಪಾಲಸ್ವಾಮಿ ಬೆಟ್ಟ. ಕಾಲ ಬುಡದ ಹೂವಿನಿಂದ ಬೆಟ್ಟದ ತನಕ ಎಲ್ಲಾ ಶಾರ್ಪ್ ಬೇಕು ಅಂತ ಕ್ಯಾನನ್ ಟಿಎಸ್-ಇ 24 ಎಂಎಂ, ಎರಡನೇ ಮಾಡೆಲ್, ಬಾಡಿಗೆಗೆ ತಂದೆ. ಲೆನ್ಸನ್ನೇ ಓರೆ ಮಾಡಲು (ಟಿಲ್ಟ್), ಪಕ್ಕಕ್ಕೆ ಜರುಗಿಸಲು (ಶಿಫ್ಟ್) ಬರುವ ಲೆನ್ಸ್ ಇದು. ಟಿಲ್ಟ್ ಕೆಳಮುಖವಾಗಿ 8.5 ಡಿಗ್ರಿ, ಅಂದರೆ ಪೂರ್ತಿ ಕೊಟ್ಟಿದ್ದೇನೆ. ಮುಂದಿನ ಒಂದೆರಡು ಸಾಲು ಮಾತ್ರ ಚೆನ್ನಾಗಿದೆ, ಆಮೇಲೆಲ್ಲ ಮಸುಕು. ಬೆಳಕಿನ ಕಿಂಡಿ (ಅಪರ್ಚರ್) ಪೂರ್ತಿ ಕಿರಿದು ಮಾಡಿ ಎಫ್ 22 ಇಟ್ಟರೂ ಬೆಟ್ಟ ಸರಿಯಾಗಲಿಲ್ಲ, ಸಾಲದ್ದಕ್ಕೆ ಶಟರ್ ನಿಧಾನವಾಗಿ ಗಾಳಿಗೆ ಹೂವೂ ಅಲ್ಲಾಡಿತು. ಲೆನ್ಸೇ ಕೆಟ್ಟಿದೆಯಾ?

ಹಳೇಬೆಲೋಸ್:
ಲೆನ್ಸ್ ಸರಿಯಾಗೇ ಇದೆ ಸರ್, ಟಿಲ್ಟ್ ಸಿಕ್ಕಾಪಟ್ಟೆ ಜಾಸ್ತಿ ಆಗಿದೆ. ಟಿಲ್ಟ್ ಮಾಡಿದಾಗ ಫೋಕಸ್ ಆಗುವ ಭಾಗ ಕ್ಯಾಮೆರಾ ಎದುರು ನೆಟ್ಟಗೆ ನಿಲ್ಲುವುದಿಲ್ಲ, ಲೆನ್ಸಿನ ಕೆಳಗೆ ಕೀಲು ಹಾಕಿದ ಹಲಗೆ ಥರ ಮುಂದಕ್ಕೆ ಚಾಚಿಕೊಳ್ಳುತ್ತದೆ. ಕೀಲು ಎಷ್ಟು ಕೆಳಗಿದೆ ಅನ್ನುವುದು ಟಿಲ್ಟ್ ಮೇಲೆ ನಿಂತಿದೆ. 24 ಎಂಎಂನಲ್ಲಿ 1 ಡಿಗ್ರಿಗೆ ಸುಮಾರು 1.4 ಮೀಟರ್, 2 ಡಿಗ್ರಿಗೆ 70 ಸೆಂ.ಮೀ., ನಿಮ್ಮ 8.5ಕ್ಕೆ ಬರೀ 16 ಸೆಂ.ಮೀ. ಟ್ರೈಪಾಡ್ ಎಷ್ಟು ಎತ್ತರ ಇತ್ತು?

ಬೆಟ್ಟದಬುಡ:
ಎದೆಮಟ್ಟ, 1.4 ಮೀಟರ್ ಇರಬಹುದು. ಹಾಗಾದ್ರೆ 1 ಡಿಗ್ರಿ ಸಾಕಾ?

ಹಳೇಬೆಲೋಸ್:
ಬರೀ ನೆಲ ಆಗಿದ್ದರೆ ಸಾಕಿತ್ತು. ನಿಮಗೆ ಬೇಕಿರುವುದು ಮಣ್ಣಲ್ಲ, ಹೂವಿನ ತಲೆ ಅಲ್ವಾ? ಗಿಡ 70 ಸೆಂ.ಮೀ. ಇದ್ದರೆ ಲೆನ್ಸಿಗೂ ಹೂವಿಗೂ ಉಳಿದ ಅಂತರ 70 ಸೆಂ.ಮೀ., ಕೀಲೂ ಅಷ್ಟೇ ಕೆಳಗೆ ಬರಬೇಕು, ಹಾಗಾಗಿ 2 ಡಿಗ್ರಿಯಿಂದ ಶುರು ಮಾಡಿ. ಆಮೇಲೆ ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯಲ್ಲಿ) 10 ಪಟ್ಟು ಝೂಮ್ ಮಾಡಿ, ಫೋಕಸ್ ರಿಂಗ್ ತಿರುಗಿಸಿ ಬೆಟ್ಟ ಶಾರ್ಪ್ ಮಾಡಿ, ಝೂಮ್ ಚೌಕವನ್ನು ಮುಂದಿನ ಹೂವಿಗೆ ತಂದು ಟಿಲ್ಟ್ ನಾಬನ್ನು ಒಂಚೂರು ತಿರುಗಿಸಿ, ಮತ್ತೆ ಬೆಟ್ಟ ನೋಡಿ. ದೂರಕ್ಕೆ ರಿಂಗ್, ಹತ್ತಿರಕ್ಕೆ ಟಿಲ್ಟ್. ಎರಡೂ ಹೊಂದುವ ತನಕ ಹೀಗೇ ಮಾಡಿ, ಕೊನೆಗೆ ಲಾಕ್ ಬಿಗಿ ಮಾಡಿ.

ಎಫ್ 22 ಸುಮ್ನೆ ದಂಡ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಟಿಲ್ಟ್ ಸರಿ ಇದ್ದರೆ ಎಫ್ 8ರಲ್ಲೇ ಎಲ್ಲ ಬರುತ್ತದೆ, ಶಟರ್ ಹತ್ತಿರ ಹತ್ತಿರ ಎಂಟು ಪಟ್ಟು ವೇಗ ಸಿಗುತ್ತದೆ. ಗಾಳಿಗೂ ಅದೇ ಮದ್ದು. ನನ್ನ ಕೇಳಿದರೆ ಟಿಲ್ಟ್‌ನ ನಿಜವಾದ ಲಾಭ ಇದೇ, ಆಟಿಕೆ ಊರಿನ ಥರ ಬ್ಲರ್ ಮಾಡುವುದಲ್ಲ.

ನೆರಳುಬೆಳಕು:
ಡಿಎಸ್‌ಎಲ್‌ಆರ್ ಆದ್ರೆ ಲೆನ್ಸ್ ನೆಟ್ಟಗಿದ್ದಾಗಲೇ ಬೆಳಕು ಅಳೆಯುವ ಮೀಟರ್ ನೋಡಿ ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿ ಇಟ್ಟುಬಿಡಿ. ಟಿಲ್ಟ್ ಶಿಫ್ಟ್ ಮಾಡಿದ ಮೇಲೆ ಮೀಟರ್ ಮಾತು ನಂಬಬೇಡಿ.

ಬೆಟ್ಟದಬುಡ:
ಇವತ್ತು ಬೆಳಿಗ್ಗೆ ಹೋಗಿದ್ದೆ. ಎರಡು ಡಿಗ್ರಿಗಿಂತ ಚೂರು ಕಮ್ಮಿ, ಎಫ್ 8. ಹೂವೂ ಬಂತು, ಬೆಟ್ಟವೂ ಬಂತು, ಥ್ಯಾಂಕ್ಸ್! ಆದರೆ ಎಡಗಡೆ ಹತ್ತಿರದಲ್ಲೇ ಒಂದು ತೆಂಗಿನಮರ, ಅದರ ಗರಿ ಮಾತ್ರ ಮಸುಕು.

ಹಳೇಬೆಲೋಸ್:
ಗರಿ ಮಸುಕಾಗಲೇಬೇಕು. ಶಾರ್ಪ್ ಆಗುವ ಜಾಗ ಕ್ಯಾಮೆರಾ ಹತ್ತಿರ ತೆಳ್ಳಗಿದ್ದು ದೂರ ಹೋದಂತೆ ದಪ್ಪ ಆಗುತ್ತದೆ. ದೂರದ ಬೆಟ್ಟ ಅದರೊಳಗೆ ಕೂರುತ್ತದೆ, ಹತ್ತಿರದ ಮರದ ತಲೆ ಆಚೆ ಹೋಗುತ್ತದೆ. ಮರ ಬೇಕೇ ಬೇಕು ಅಂದ್ರೆ ಟಿಲ್ಟ್ ಸೊನ್ನೆಗೆ ತನ್ನಿ, ಎಫ್ 11 ಇಟ್ಟು ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿ. ಸುಮಾರು ಒಂದು ಮೀಟರಿನಿಂದ ಆಚೆ ಎಲ್ಲ ಒಪ್ಪುವಷ್ಟು ಶಾರ್ಪ್ ಬರುತ್ತದೆ, ಕಾಲ ಬುಡದ ಹೂವು ಬಿಡಬೇಕಾಗುತ್ತದೆ ಅಷ್ಟೇ. ಇಲ್ಲಾಂದ್ರೆ ನಾಲ್ಕು ಹೆಜ್ಜೆ ಬಲಕ್ಕೆ ಸರಿದು ಮರವನ್ನೇ ಫ್ರೇಮಿನಿಂದ ಬಿಡಿ.