1963ರ ಬೊಂಬಾಯಿ ಗೇಮ್: ಏನು ಇಟ್ಟುಕೊಳ್ಳಬೇಕು, ಎಲ್ಲಿ ಕತ್ತರಿ ಹಾಕಬೇಕು?

ಸ್ಲೋ ಲೋಕಲ್, ಮುಲುಂಡ್

ಒಂದು ಕಂಪ್ಯೂಟರ್ ಗೇಮ್ ಮಾಡ್ತಿದ್ದೇವೆ, ನಾವು ಇಬ್ಬರೇ. ಕೋಡ್ ನನ್ನದು, ಚಿತ್ರ ತಂಗಿಯದು. ಇಬ್ಬರಿಗೂ ಹಗಲು ಕೆಲಸ ಇದೆ, ಗೇಮ್‌ಗೆ ಸಿಗೋದು ರಾತ್ರಿ ಮತ್ತು ಭಾನುವಾರ. ಕಥೆ ಇಷ್ಟು: 1963ರಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಬೊಂಬಾಯಿಗೆ ಬಂದು ಉಡುಪಿ ಹೋಟೆಲಿನಲ್ಲಿ ಕ್ಲೀನರ್ ಆಗುತ್ತಾನೆ, ಹಗಲೆಲ್ಲ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಾನೆ. ಪಟ್ಟಿಯಲ್ಲಿ ಸದ್ಯಕ್ಕೆ ಇರೋದು ಫೋರ್ಟ್‌ನಿಂದ ದಾದರ್‌ವರೆಗೆ ಓಪನ್ ವರ್ಲ್ಡ್ (ಆಡುವವರು ಎಲ್ಲಿ ಬೇಕಾದರೂ ತಿರುಗಾಡಬಹುದಾದ ಊರು), ಹತ್ತಿ ಇಳಿಯಬಹುದಾದ ಟ್ರಾಮ್, ಲೋಕಲ್ ರೈಲು, ಗಿರಣಿಗಳು, ಮಳೆಗಾಲ, ಅಡುಗೆ, ನಾಲ್ಕು ಬೇರೆ ಬೇರೆ ಅಂತ್ಯ, ಜೊತೆಗೆ ಇಬ್ಬರು ಆಡುವ ಆನ್‌ಲೈನ್ ಮೋಡ್. ಟ್ರಾಮ್ ಬಿಡೋಕೆ ಮನಸ್ಸಿಲ್ಲ. ಮುಂಬೈ ಟ್ರಾಮ್ 1964ರ ಮಾರ್ಚ್ 31ಕ್ಕೆ ನಿಂತೇ ಹೋಯಿತು, ನಮ್ಮ ಕಥೆ ಮುಗಿಯೋದೂ ಅವತ್ತೇ. "ಸ್ಟಾರ್ಡ್ಯೂ ವ್ಯಾಲಿ ಅನ್ನೋ ಗೇಮ್ ಒಬ್ಬರೇ ಮಾಡಿದರಲ್ಲ, ನಾವು ಇಬ್ಬರಿದ್ದೇವೆ" ಅಂತ ತಂಗಿಯ ವಾದ. ನೇರವಾಗಿ ಹೇಳಿ, ಬೇಜಾರಿಲ್ಲ.

ಕೊಥ್ರೂಡ್ ಕೋಡರ್

ಆನ್‌ಲೈನ್ ತೆಗೀರಿ. ಇವತ್ತೇ. ಅದು ಇದ್ದರೆ ಉಳಿದ ಎಲ್ಲವನ್ನೂ ಎರಡೆರಡು ಸಲ ಯೋಚಿಸಬೇಕು. ಲೋಟ ಯಾರ ಕೈಯಲ್ಲಿದೆ ಅಂತ ಎರಡು ಕಂಪ್ಯೂಟರ್‌ಗಳೂ ಒಪ್ಪಬೇಕು, ಮಧ್ಯದಲ್ಲಿ ನೆಟ್ ಹೋದರೆ ಆ ಲೋಟ ಏನಾಯಿತು ಅಂತ ನೀವೇ ಬರೀಬೇಕು. ಸ್ಟಾರ್ಡ್ಯೂ ಒಬ್ಬರೇ ಮಾಡಿದ್ದು ನಿಜ, ನಾಲ್ಕು ವರ್ಷಕ್ಕಿಂತ ಜಾಸ್ತಿ ಅದಕ್ಕೇ ಕೂತರು. 2016ರಲ್ಲಿ ಬಂದಾಗ ಅದರಲ್ಲಿ ಜೊತೆಯಾಗಿ ಆಡೋ ಮಲ್ಟಿಪ್ಲೇಯರ್ ಇರಲೇ ಇಲ್ಲ. ಅದು ಬಂದದ್ದು 2018ರಲ್ಲಿ, ಅದೂ ಪಬ್ಲಿಷರ್ ಕಡೆಯವರು ಕೈಜೋಡಿಸಿದ ಮೇಲೆ.

ದುಡ್ಡು, ಹೆಸರು ಎರಡೂ ಇದ್ದವರ ಕೈಯಲ್ಲೂ ಕೆಲಸ ಅಂದುಕೊಂಡದ್ದಕ್ಕಿಂತ ಬೆಳೆಯುತ್ತೆ. ಸಿಲ್ಕ್‌ಸಾಂಗ್ ಮೊದಲು ಹಾಲೋ ನೈಟ್ ಅನ್ನೋ ಗೇಮ್‌ಗೆ ಸೇರಿಸೋ ಒಂದು ಭಾಗವಾಗಿತ್ತು, 2019ರಲ್ಲಿ ಅದನ್ನೇ ಬೇರೆ ಗೇಮ್ ಅಂತ ಘೋಷಿಸಿದರು, ಕೈಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. ನಮ್ಮ ಪುಣೆಯಲ್ಲೇ ತಯಾರಾದ "ರಾಜಿ" ಅನ್ನೋ ಗೇಮ್ ನೋಡಿ. 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಕೂಡಿಸೋಕೆ ಹೊರಟು ಗುರಿ ಮುಟ್ಟಲಿಲ್ಲ, ಆದರೂ 2020ರಲ್ಲಿ ಹೊರಬಂತು. ಒಬ್ಬ ಅಕ್ಕ, ಕಳೆದುಹೋದ ತಮ್ಮ, ಮುಂದೆ ಒಂದೇ ದಾರಿ, ಕೆಲವೇ ಗಂಟೆಗಳ ಆಟ. ತಟ್ಟಂತ ಮುಗಿದುಬಿಡುತ್ತೆ ಅನ್ನೋ ದೂರು ಇದೆ, ಇರಲಿ, ಮುಗಿದ ಗೇಮ್ ಅಲ್ವಾ.

ಟ್ರಾಮ್ ಇರಲಿ, ಆದರೆ ಹತ್ತೋ ಹಾಗಿರಬಾರದು. ಹತ್ತಿದ ಕೂಡಲೇ ಇಳಿಯೋಕೆ ಜಾಗ ಬೇಕು, ಆ ಜಾಗದಲ್ಲಿ ಬೀದಿ, ಬೀದಿಯಲ್ಲಿ ಜನ. ಹೋಟೆಲ್ ಬಾಗಿಲ ಮುಂದೆ ಹಾದುಹೋದರೆ ಒಂದು ಚಿತ್ರ, ಒಂದು ಗಂಟೆ ಸದ್ದು, ಅಷ್ಟೇ.

ಮಾಟುಂಗಾ ಶೆಟ್ರು

ಕೋಡ್ ನನಗೆ ಗೊತ್ತಿಲ್ಲ, ಹೋಟೆಲ್ ಗೊತ್ತು. ಅಪ್ಪ ಓದಿದ್ದು ಇಂಥದ್ದೇ ರಾತ್ರಿ ಶಾಲೆಯಲ್ಲಿ. ಮಾರಾಯ್ರೆ, ಭಟ್ರ ಒಲೆಯಿಂದ ಗಲ್ಲಾದವರೆಗೆ ಇರೋ ಜಾಗದಲ್ಲೇ ಬೇಕಾದಷ್ಟು ಆಟ ಇದೆ, ದಾದರ್ ಯಾಕೆ?

ಆಗ ಸಪ್ಲೈಯರ್ ಬಿಲ್ಲು ಬರೀತಿರಲಿಲ್ಲ ಅಂತಾರೆ ಅಪ್ಪ. ಯಾವ ಟೇಬಲ್ಲಿನವರು ಏನು ತಿಂದರು ಅಂತ ತಲೆಯಲ್ಲೇ ಇರಬೇಕು, ಗಿರಾಕಿ ಕೈ ತೊಳೆದು ಗಲ್ಲಾದ ಹತ್ತಿರ ಬರೋದರೊಳಗೆ ಒಳಗಿಂದಲೇ ಮೊತ್ತ ಕೂಗಬೇಕು. ಹೊಸ ಹುಡುಗನಿಗೆ ತುಳು, ಕನ್ನಡ ಬಿಟ್ಟರೆ ಏನೂ ಬಾರದು, ಎದುರಿಗೆ ಕೂತವರು ಮರಾಠಿ, ಗುಜರಾತಿಯವರು. ಅದರ ಮೇಲೆ ದುಡ್ಡಿನ ಗೊಂದಲ ಬೇರೆ. 1957ರಲ್ಲೇ ನಯಾ ಪೈಸೆ ಬಂದರೂ ಜನರ ಬಾಯಲ್ಲಿ ಆಣೆ ಹೋಗಿರಲಿಲ್ಲ. ನಾಲ್ಕಾಣೆ ಅಂದರೆ 25 ಪೈಸೆ, ಸರಿ. ಮೂರಾಣೆ ಅಂದರೆ ಹದಿನೆಂಟೂ ಮುಕ್ಕಾಲು, ಈಗ ಚಿಲ್ಲರೆ ಎಷ್ಟು ಕೊಡ್ತೀರಿ?

ಮಡಗಾಂವ್ ಪಿಕ್ಸೆಲ್

ಶೆಟ್ರು ಹೇಳಿದ್ದೇ ಗೇಮ್, ಉಳಿದದ್ದು ಬರೀ ಅಲಂಕಾರ. ಹಗಲಿಗೂ ರಾತ್ರಿಗೂ ಗಂಟು ಹಾಕಿ: ಮಧ್ಯಾಹ್ನದ ರಷ್‌ನಲ್ಲಿ ಹುಡುಗ ಎಷ್ಟು ಸುಸ್ತಾಗುತ್ತಾನೋ ಅಷ್ಟು ಅಕ್ಷರ ರಾತ್ರಿ ಕರಿಹಲಗೆ ಮೇಲೆ ಮಸುಕಾಗಲಿ. ಮೊದಲು ಒಂದು ಹೋಟೆಲ್, ಒಂದು ದಿನ, ಒಂದು ಪಾಠ. ತಂಗಿ ಚಿತ್ರ ಏನೂ ಬರೆಯೋದು ಬೇಡ, ಅದರ ಬದಲು ಬರೀ ಬೂದು ಡಬ್ಬಗಳಲ್ಲೇ ಮಾಡಿ ಹೊರಗಿನವರ ಕೈಗೆ ಕೊಡಿ, ನೆಂಟರಿಗಲ್ಲ. ಅವರಾಗಿಯೇ ಎರಡನೇ ದಿನ ಕೇಳಿದರೆ ಮುಂದಕ್ಕೆ ಹೋಗಿ. ನಾಲ್ಕು ಅಂತ್ಯ ಎರಡಾಗಲಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಕೆಲಸ ಇದೆ, ಕನ್ನಡ ಅಕ್ಷರ. ಗೇಮ್ ಕಟ್ಟೋ ಸಾಫ್ಟ್‌ವೇರ್, ಅಂದರೆ ಎಂಜಿನ್, ಯಾವುದು? ಗೊಡೋ 3 ಆದರೆ ಒತ್ತಕ್ಷರ ಸರಿಯಾಗಿ ಕೂರಲ್ಲ, 4ಕ್ಕೆ ಬನ್ನಿ. ಮಾತು ಒಂದೊಂದೇ ಅಕ್ಷರವಾಗಿ ಮೂಡೋ ಎಫೆಕ್ಟ್ ಹಾಕಿದರೆ "ಅಕ್ಕ" ಅನ್ನೋದು ಮೊದಲು "ಅಕ", ಆಮೇಲೆ "ಅಕ್", ಕೊನೆಗೆ "ಅಕ್ಕ" ಆಗುತ್ತೆ, ನೋಡೋಕೆ ಅಸಹ್ಯ. ಗೊಡೋ 4ರ ಲೇಬಲ್‌ನಲ್ಲಿ (ಪರದೆ ಮೇಲೆ ಮಾತು ತೋರಿಸೋ ಭಾಗ) ಗ್ಲಿಫ್ ಲೆಕ್ಕದಲ್ಲಿ, ಅಂದರೆ ಕೂಡಿ ಮೂಡಿದ ಆಕಾರದ ಲೆಕ್ಕದಲ್ಲಿ ತೋರಿಸೋ ಆಯ್ಕೆ ಇದೆ, ಅದನ್ನ ಈಗಲೇ ಪರೀಕ್ಷಿಸಿ. ಅಕ್ಷರವೇ ಆಟ ಆಗಿರೋ ಗೇಮ್‌ನಲ್ಲಿ ಇದನ್ನ ಕೊನೆಗೆ ಇಟ್ಟುಕೊಳ್ಳೋದು ಬೇಡ.

ಸ್ಲೋ ಲೋಕಲ್, ಮುಲುಂಡ್

ಗೊಡೋ 4. ಆನ್‌ಲೈನ್, ಲೋಕಲ್ ರೈಲು, ಗಿರಣಿ ಮೂರೂ ಪಟ್ಟಿಯಿಂದ ಹೊರಗೆ. ಮಳೆ ಬಗ್ಗೆ ತಂಗಿ ಇನ್ನೂ ಒಪ್ಪಿಲ್ಲ, ಜಗಳ ನಡೀತಿದೆ. ಬೂದು ಡಬ್ಬದ ಹೋಟೆಲ್ ಈ ಭಾನುವಾರ ಶುರು. ಶೆಟ್ರೇ, 63ರಲ್ಲಿ ಇಡ್ಲಿ, ವಡೆ, ಕಾಫಿಗೆ ಎಷ್ಟಿತ್ತು ಅಂತ ಅಪ್ಪನ್ನ ಕೇಳಿ ಹೇಳ್ತೀರಾ? ಆ ಆಣೆ ಲೆಕ್ಕಕ್ಕೆ ಬೇಕು.

ಮಾಟುಂಗಾ ಶೆಟ್ರು

ಕೇಳ್ತೇನೆ. ಆದರೆ ಫೋನಲ್ಲಿ ಬೇಡ, ಒಂದು ಸಂಜೆ ಹೋಟೆಲಿಗೇ ಬನ್ನಿ, ತಂಗಿಯನ್ನೂ ಕರ್ಕೊಂಡು ಬನ್ನಿ. ಐದರ ಮೇಲೆ ಬರಬೇಡಿ, ರಷ್ ಇರುತ್ತೆ.