ಎಡಗಾಲೋ ಬಲಗಾಲೋ

ಶಾಲೆಯ ಹಳೆಯ ಗೆಳೆಯರ ಗುಂಪಿಗೆ ನಾನು ಅಡ್ಮಿನ್. ಅಧಿಕಾರವೇನೂ ಇಲ್ಲ, ಜಗಳವಾದಾಗ ಎರಡೂ ಕಡೆಯಿಂದ ಬೈಸಿಕೊಳ್ಳುವ ಹುದ್ದೆ. ಕಾಂಪೌಂಡರ್ ತೀರಿಕೊಂಡು ಮೂರು ವರ್ಷ ತುಂಬಿದ ದಿನ ಗುಂಪಿನಲ್ಲಿ ನಡೆದದ್ದನ್ನು ಅಲ್ಲಲ್ಲಿ ಕತ್ತರಿಸಿ ಇಲ್ಲಿಟ್ಟಿದ್ದೇನೆ. ಅವನು ನಿಜವಾದ ಕಾಂಪೌಂಡರ್ ಅಲ್ಲ. ಏಳನೆಯ ತರಗತಿಯಿಂದಲೇ ಚೀಲದಲ್ಲಿ ಹತ್ತಿ, ಟಿಂಕ್ಚರ್ ಇಟ್ಟುಕೊಂಡು ಓಡಾಡುತ್ತಿದ್ದ, ಹೆಸರು ಅಂಟಿತು.

ಬೆಳಿಗ್ಗೆ ಆರೂ ಹನ್ನೆರಡಕ್ಕೆ ಶುರುವಾಯಿತು.

ಮೇಷ್ಟ್ರು: (ಹಲವು ಬಾರಿ ಫಾರ್ವರ್ಡ್ ಆಗಿದೆ) ನಾಗರಿಕತೆಯ ಮೊದಲ ಕುರುಹು ಯಾವುದೆಂದು ವಿದ್ಯಾರ್ಥಿಯೊಬ್ಬ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅವರನ್ನು ಕೇಳಿದ. ಮಡಕೆ, ಗಾಳ, ಬೀಸುಕಲ್ಲು ಎಂಬ ಉತ್ತರ ನಿರೀಕ್ಷಿಸಿದ್ದ. ಆಕೆ ಹೇಳಿದ್ದು: ಮುರಿದು ಮತ್ತೆ ಕೂಡಿಕೊಂಡ ತೊಡೆಮೂಳೆ! ಕೂಡಿಕೊಳ್ಳಲು ಆರು ವಾರ ಬೇಕು. ಅಷ್ಟು ದಿನ ಯಾರೋ ಪಕ್ಕದಲ್ಲಿ ಕುಳಿತು ಕಾದಿದ್ದಾರೆ.

ಮೇಷ್ಟ್ರು: ಓದಿದೊಡನೆ ನಮ್ಮ ಕಾಂಪೌಂಡರ್ ಕಣ್ಣ ಮುಂದೆ ಬಂದ. ಅಂಥವರು ಈಗ ಹುಟ್ಟುವುದಿಲ್ಲ. ಈಗಿನವರಿಗೆ ಮೊಬೈಲ್ ಒಂದಿದ್ದರೆ ಸಾಕು.

ಇದನ್ನೂ ಅವರು ಮೊಬೈಲಿನಲ್ಲೇ ಕಳಿಸಿದರೆಂದು ಯಾರೂ ಹೇಳಲಿಲ್ಲ. ಮೇಷ್ಟ್ರಲ್ಲವೇ. ಹನ್ನೊಂದು ಜನ ಕೈ ಮುಗಿದರು. ಓದಿದವರು ಇಬ್ಬರಿರಬಹುದು.

ಪ್ರಶ್ನೆಪತ್ರಿಕೆ: ಕ್ಷಮಿಸಿ ಮೇಷ್ಟ್ರೇ. ಮೀಡ್ ಬರೆದದ್ದರಲ್ಲಿ ಈ ಮಾತು ಎಲ್ಲಿಯೂ ಸಿಕ್ಕಿಲ್ಲ. ಸಂದರ್ಶನವೊಂದರಲ್ಲಿ ಇಂಥದೇ ಪ್ರಶ್ನೆಗೆ ಆಕೆ ಕೊಟ್ಟ ಉತ್ತರ ಬೇರೆ: ದೊಡ್ಡ ನಗರಗಳು, ಕೆಲಸದ ಹಂಚಿಕೆ, ದಾಖಲೆ ಇಡುವ ಪದ್ಧತಿ. ಆಕೆ ತೀರಿಕೊಂಡದ್ದು 1978ರಲ್ಲಿ. ಮೂಳೆಯ ಕಥೆ 1980ರ ಪುಸ್ತಕವೊಂದರಲ್ಲಿದೆ. ಆಕೆಯ ಭಾಷಣದಲ್ಲಿ ಕೇಳಿದ ನೆನಪೆಂದು ಪಾಲ್ ಬ್ರ್ಯಾಂಡ್ ಎಂಬ ವೈದ್ಯರು ಹೇಳಿದ್ದು.

ಮೇಷ್ಟ್ರು: ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದ ಬ್ರ್ಯಾಂಡ್ ಅವರೇ? ಅಂಥವರು ಸುಳ್ಳು ಹೇಳುತ್ತಾರೆಯೇ?

ಪ್ರಶ್ನೆಪತ್ರಿಕೆ: ಸುಳ್ಳೆಂದು ಹೇಳಲಿಲ್ಲ, ನೆನಪೆಂದು ಹೇಳಿದೆ.

ಮಾನಿಟರ್: ಇವನು ಗಣಿತದ ಪೇಪರಿನಲ್ಲೂ ಹೀಗೆಯೇ. ಉತ್ತರ ಬರೆಯಲು ಬಾರದಿದ್ದರೆ ಪ್ರಶ್ನೆಯೇ ತಪ್ಪು ಎನ್ನುತ್ತಿದ್ದ.

ಪ್ರಶ್ನೆಪತ್ರಿಕೆ: ಒಂದು ಸಲ ನಿಜವಾಗಿಯೂ ತಪ್ಪಿತ್ತು. ಎಲ್ಲರಿಗೂ ಐದು ಅಂಕ ಬಂತು. ನಿನಗೂ ಬಂತು.

ಡಾಕ್ಟರ್: ಆರು ವಾರವೂ ಸರಿಯಲ್ಲ. ದೊಡ್ಡವರ ತೊಡೆಮೂಳೆ ಪೂರ್ತಿ ಕೂಡಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಕಾಡಿನ ವಾನರಗಳಲ್ಲೂ ತಾನಾಗಿ ಕೂಡಿದ ಮೂಳೆಗಳು ಕಂಡಿವೆ. ಆರೈಕೆಯ ಕುರುಹೇ ಬೇಕಾದರೆ ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ಅಸ್ಥಿಪಂಜರವಾಗಿ ಸಿಕ್ಕ ನಿಯಾಂಡರ್ತಾಲ್ ಎಂಬ ಆದಿಮಾನವನನ್ನು ನೋಡಿ. ಮುಖಕ್ಕೆ ಬಿದ್ದ ಪೆಟ್ಟಿನಿಂದ ಒಂದು ಕಣ್ಣು ಬಹುಶಃ ಕಾಣುತ್ತಿರಲಿಲ್ಲ, ಬಲಗೈ ಸೊರಗಿತ್ತು, ಆದರೂ ನಲವತ್ತರ ಆಸುಪಾಸಿನವರೆಗೆ ಬದುಕಿದ್ದಾನೆ. ಒಬ್ಬನೇ ಅಷ್ಟು ಕಾಲ ಉಳಿಯುವುದು ಕಷ್ಟ ಎನ್ನುತ್ತಾರೆ.

ಇದಕ್ಕೆ ಒಂದು ಹೆಬ್ಬೆರಳು ಬಂತು. ನನ್ನದೇ.

ಕೊನೆಯ ಬೆಂಚು: ಗುಹೆ ಇರಲಿ. ನನ್ನ ಕಾಲು ಮುರಿದದ್ದು ಯಾರಿಗಾದರೂ ನೆನಪಿದೆಯೇ? ತೊಡೆಮೂಳೆಯೇ. ಎರಡೂವರೆ ತಿಂಗಳು ದಿನಾ ಸಂಜೆ ಬಂದು ಕಾಂಪೌಂಡರ್ ನೋಟ್ಸ್ ಬರೆದುಕೊಟ್ಟ. ಅವನ ಅಕ್ಷರ ನೋಡಿ ಮೇಷ್ಟ್ರು ನನಗೆ ಎರಡು ಅಂಕ ಹೆಚ್ಚು ಕೊಟ್ಟಿದ್ದರು.

ಮೇಷ್ಟ್ರು: ಇದು ನನಗೆ ಈಗ ತಿಳಿಯುತ್ತಿದೆ.

ಮಾನಿಟರ್: ತೊಡೆಯಲ್ಲ, ಮೊಣಕಾಲಿನ ಕೆಳಗೆ. ಎಡಗಾಲು.

ಕೊನೆಯ ಬೆಂಚು: ನನ್ನ ಕಾಲು ನಿನಗೆ ಗೊತ್ತೇ? ಬಲಗಾಲು. ಗೋಡೆ ಹಾರುವಾಗ ‘ಹೆಡ್‌ಮಾಸ್ಟರ್ ಬಂದರು’ ಎಂದು ಕೂಗಿದ್ದು ಯಾರು?

ಮಾನಿಟರ್: ನಿಜವಾಗಿಯೂ ಬಂದಿದ್ದರು.

ಕೊನೆಯ ಬೆಂಚು: ನಲವತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೀಯ. ಕಾಂಪೌಂಡರ್ ಕೊನೆಯ ಸಲ ಆಸ್ಪತ್ರೆ ಸೇರಿದಾಗ ಎಷ್ಟು ದಿನ ಬಂದೆ, ಅದನ್ನೂ ಹೇಳು.

ಮಾನಿಟರ್: ನೀನು ಬಂದಿದ್ದೆ, ಸರಿ. ಬಂದು ಅವನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಗೊರಕೆ ಹೊಡೆದೆ. ಅವನೇ ನಿನಗೆ ಹೊದಿಸಿದನಂತೆ.

ಅದು ನಿಜ. ನಾನು ನೋಡಿದ್ದೇನೆ. ಗುಂಪಿನಲ್ಲಿ ಹೇಳಲಿಲ್ಲ.

ಈ ಹೊತ್ತಿಗೆ ಮಾರ್ಗರೆಟ್ ಮೀಡ್ ಗುಂಪಿನಿಂದ ಹೊರಬಿದ್ದಾಗಿತ್ತು. ನಾನು ‘ಇಂದಿನ ದಿನವಾದರೂ ಬೇಡ’ ಎಂದು ಬರೆದೆ. ಪಕ್ಷಪಾತಿ ಎಂದು ಇಬ್ಬರೂ ಒಟ್ಟಿಗೆ ಬೈದರು. ಅಷ್ಟರ ಮಟ್ಟಿಗೆ ರಾಜಿಯಾಯಿತು.

ಡಾಕ್ಟರ್: ಮೂಳೆ ಬಿಡಿ. ಮೌನಿ ಒಬ್ಬನೇ ಆದಮೇಲೆ ಕಾಂಪೌಂಡರ್ ಪ್ರತಿ ಭಾನುವಾರ ಅವನಿಗೆ ಫೋನ್ ಮಾಡುತ್ತಿದ್ದ. ಈಗ ಯಾರಾದರೂ ಮಾಡುತ್ತೀರಾ?

ಐದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಮೂವರು ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕಾಣುತ್ತಿತ್ತು.

ಮಾನಿಟರ್: ಆಧಾರ ಹುಡುಕಲು ಪುರುಸೊತ್ತಿರುವವರನ್ನು ಕೇಳು.

ಪ್ರಶ್ನೆಪತ್ರಿಕೆ: ನನ್ನನ್ನು ಕೇಳುವ ಮೊದಲು ನೀನು ಹೇಳು.

ಆಗ ಎರಡು ವರ್ಷದಿಂದ ಒಂದಕ್ಷರವೂ ಬರೆಯದವನು ಬರೆದ.

ಮೌನಿ: ಮಾನಿಟರ್ ಮಾಡುತ್ತಾನೆ. ಪ್ರಶ್ನೆಪತ್ರಿಕೆ ಮಾಡುತ್ತಾನೆ. ಕೊನೆಯ ಬೆಂಚೂ ಮಾಡುತ್ತಾನೆ. ಮಿಕ್ಕವರಿಗೆ ಹೇಳಬೇಡ ಎಂದು ಮೂವರೂ ಹೇಳಿದ್ದೀರಿ, ಹೇಳಿರಲಿಲ್ಲ. ಆದರೆ ಮೂವರೂ ಹತ್ತು ಗಂಟೆಗೇ ಮಾಡುತ್ತೀರಿ. ಒಬ್ಬನ ಜೊತೆ ಮಾತನಾಡುವಾಗ ಇನ್ನಿಬ್ಬರಿಗೆ ಲೈನ್ ಸಿಗುವುದಿಲ್ಲ, ಆಮೇಲೆ ನನ್ನನ್ನೇ ಬೈಯುತ್ತೀರಿ. ಇಬ್ಬರು ಸಂಜೆಗೆ ಹೋಗಿ.

ಮಾನಿಟರ್: ಕಾಂಪೌಂಡರ್ ಮಾಡುತ್ತಿದ್ದದ್ದು ಹತ್ತಕ್ಕೆ. ಅದನ್ನು ನಾನು ಬಿಡುವುದಿಲ್ಲ.

ಪ್ರಶ್ನೆಪತ್ರಿಕೆ: ಹತ್ತಕ್ಕೆ ಎಂಬುದಕ್ಕೆ ಆಧಾರ? ಹತ್ತೂ ಕಾಲಕ್ಕೆ ಎಂದು ಮೌನಿಯೇ ನನಗೆ ಹೇಳಿದ್ದಾನೆ.

ಕೊನೆಯ ಬೆಂಚು: ಹತ್ತು ನನ್ನದು. ಕಾಲು ಮುರಿದುಕೊಂಡವನು ನಾನು.

ಮಾನಿಟರ್: ಎಡಗಾಲು.

ಕೊನೆಯ ಬೆಂಚು: ಬಲಗಾಲು.